ತೂಬಕ್ಕ ಕೆರೆ ಇಳಿಸಿದ್ದು

ಕೆರೆ ಕಚೇರಿಯ ಹಾಜರಿ ಪುಸ್ತಕದಲ್ಲಿ ಅವಳಿಗೊಂದು ಹೆಸರಿತ್ತು. ಅದನ್ನು ಬಳಸುತ್ತಿದ್ದುದು ಆ ಪುಸ್ತಕ ಮಾತ್ರ. ಮೀನು ಹಿಡಿಯುವವರಿಗೆ, ಚಳಿಗಾಲದಲ್ಲಿ ಪರವಾನಗಿ ಹಿಡಿದು ಬಾತು ಹೊಡೆಯಲು ಬರುವವರಿಗೆ, ಕೊನೆಗೆ ಅಂಚೆಯವನಿಗೂ ಅವಳು ತೂಬಕ್ಕ. ಕೆರೆಯ ನೀರನ್ನು ಹೊರಗೆ ಬಿಡುವ ತೂಬು ಅವಳ ಕೈಯಲ್ಲಿತ್ತು, ಅದಕ್ಕೇ ಆ ಹೆಸರು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಅವಳ ಗಂಡ ಹೊಸಬರ ಮುಂದೆ "ನಾನು ತೂಬಕ್ಕನ ಯಜಮಾನ್ರು" ಎಂದು ಪರಿಚಯ ಹೇಳಿಕೊಂಡು, ಉಳಿದವರಿಗಿಂತ ಮೊದಲು ತಾನೇ ನಗುತ್ತಿದ್ದ.

ತೂಬಿನ ಕೋಣೆ ಏರಿಯ ಮೇಲಿತ್ತು. ನಾಲ್ಕು ಹೆಜ್ಜೆ ಉದ್ದ, ಮೂರು ಹೆಜ್ಜೆ ಅಗಲ. ನೆಲದಿಂದ ಮೇಲೆದ್ದ ಕಬ್ಬಿಣದ ತಿರುಪು, ಅದರ ತಲೆಯ ಮೇಲೆ ಬಸ್ಸಿನ ಸ್ಟೀರಿಂಗಿನಷ್ಟು ದೊಡ್ಡ ಚಕ್ರ, ಮೂಲೆಯಲ್ಲಿ ಗ್ರೀಸ್ ಡಬ್ಬಿ, ಒಂದು ಸ್ಟೂಲು, ಕೆರೆಯ ಕಡೆಗೊಂದು ಕಿಟಕಿ. ಕಿಟಕಿಯಿಂದ ನೋಡಿದರೆ ನೀರಿನಲ್ಲಿ ನಿಂತ ಅಳತೆಯ ಕಂಬ ಕಾಣುತ್ತಿತ್ತು. ಕಂಬದ ಮೇಲೆ ಆರಡಿಗೆ ಸರಿಯಾಗಿ ಒಂದು ಕೆಂಪು ಗೆರೆ. ಮಳೆ ಬಂದು ನೀರು ಗೆರೆ ದಾಟಿದರೆ ಚಕ್ರವನ್ನು ಎರಡು ಸುತ್ತು ತಿರುಗಿಸಿ ಹೊರಗೆ ಬಿಡಬೇಕು. ಬೇಸಿಗೆಯಲ್ಲಿ ಇಳಿದರೆ ಹೊಳೆಯ ಕಾಲುವೆಯಿಂದ ಒಳಗೆ ತಂದು ತುಂಬಿಸಬೇಕು. ಅವಳ ಉದ್ಯೋಗ ಅಷ್ಟೇ. ಆದರೆ ಆ 'ಅಷ್ಟೇ'ಯನ್ನು ಅವಳು ಹತ್ತೊಂಬತ್ತು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮಾಡಿದ್ದಳು. ಜ್ವರ ಬಂದ ದಿನವೂ ಕಂಬಳಿ ಹೊದ್ದು ಏರಿ ಹತ್ತಿ ಮಟ್ಟ ನೋಡಿ ಬರುತ್ತಿದ್ದಳು.

ಆ ಕೆಲಸ ಅವಳಿಗೆ ಬಂದದ್ದು ಮಾವನಿಂದ. ಮಾವ ಮೂವತ್ತು ವರ್ಷ ತೂಬು ಕಾದವರು. ಅವರ ಮಂಡಿ ಕೈಕೊಟ್ಟಾಗ ದೊಡ್ಡ ಮಗನಿಗೆ ಎಂಜಿನ್ನಿನ ಹುಚ್ಚು, ಚಿಕ್ಕ ಮಗನಿಗೆ ದೋಣಿಯ ಹುಚ್ಚು. ಸೊಸೆಯೇ ಮುಂದೆ ಬಂದಳು. ಮಾವ ಮೊದಲ ದಿನ ಅವಳ ಕೈಯನ್ನು ಚಕ್ರದ ಮೇಲಿಟ್ಟು, "ಆ ಗೆರೆ ಇದ್ರೆ ಕೆರೆ ಇದೆ, ತಾಯಿ. ಬೇರೆ ಯೋಚನೆ ತಲೆಗೆ ಹಚ್ಕೋಬೇಡ" ಎಂದಿದ್ದರು. ಅವಳು ಹಚ್ಚಿಕೊಳ್ಳಲಿಲ್ಲ. ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಒಳಗಿನಿಂದ ಮಾವನ ದನಿ ಕೇಳುತ್ತಿತ್ತು: "ಎಷ್ಟು?" ಅವಳು "ಆರು" ಎನ್ನುತ್ತಿದ್ದಳು. ಮಾವ-ಸೊಸೆಯರ ನಡುವೆ ಅದೇ ಕುಶಲ ಸಮಾಚಾರ.

ಈ ನಡುವೆ ಕೆರೆಯ ನೀರು ಹಾಲು ಕಡಿಮೆ ಹಾಕಿದ ಟೀಯ ಬಣ್ಣಕ್ಕೆ ತಿರುಗಿತ್ತು. ದಡದ ಜೊಂಡು ಒಂದೊಂದೇ ಕಡೆ ಬೋಳಾಗುತ್ತ ಬಂದಿತ್ತು. ಬಲೆ ಬೀಸಿದರೆ ಗೆಂಡೆ, ಗಾಳ ಹಾಕಿದರೂ ಗೆಂಡೆ, ಬೇರೆ ಮೀನಿನ ಮುಖ ನೋಡಿ ವರ್ಷಗಳಾಗಿದ್ದವು. ಬೇಟೆಗೆ ಬರುವವರು ಮೂಗು ಮುರಿಯುತ್ತಿದ್ದರು. "ಹಕ್ಕಿ ಎಲ್ಲಿ ತೂಬಕ್ಕ?" ಎಂದು ಕೇಳಿದರೆ ಅವಳು ಕಡ್ಡಿ ಮುರಿದಂತೆ ಹೇಳುತ್ತಿದ್ದಳು: "ನೀರು ತುಂಬಿಸೋದು ನನ್ನ ಕೆಲಸ. ಹಕ್ಕಿ ಕರೆಯೋದಲ್ಲ."

ಹೀಗಿರುವಾಗ ಕೆರೆ ಕಚೇರಿಗೆ ಹೊಸ ಅಧಿಕಾರಿ ಬಂದರು. ಮೂವತ್ತೈದರ ಆಸುಪಾಸಿನ ಹೆಂಗಸು. ಅವರ ಅಳತೆಯ ರಬ್ಬರ್ ಬೂಟು ಉಗ್ರಾಣದಲ್ಲಿ ಇರದ ಕಾರಣ, ಹಿಂದಿನವರ ಬೂಟಿನೊಳಗೆ ಬಟ್ಟೆ ತುರುಕಿಕೊಂಡು ಪಚಕ್ ಪಚಕ್ ಎಂದು ನಡೆಯುತ್ತಿದ್ದರು. ವಾರದೊಳಗೆ ಅವರಿಗೆ ಬೂಟ್ಸ್ ಮೇಡಂ ಎಂಬ ಹೆಸರು ಬಿತ್ತು. ಅವರು ಮೊದಲು ಮಾಡಿದ ಕೆಲಸವೆಂದರೆ ನೀರು ಎಷ್ಟು ತಿಳಿಯಾಗಿದೆ ಎಂದು ಅಳೆಯಲು ಹಗ್ಗಕ್ಕೆ ಕಟ್ಟಿದ ಬಿಳಿ ತಟ್ಟೆಯೊಂದನ್ನು ತೂಬಿನ ಮೆಟ್ಟಿಲಿನಿಂದ ನೀರಿಗೆ ಇಳಿಬಿಟ್ಟಿದ್ದು. ಒಂದು ಗೇಣು ಇಳಿಯುವಷ್ಟರಲ್ಲಿ ತಟ್ಟೆ ಕಣ್ಮರೆಯಾಯಿತು.

"ಅಕ್ಕ, ಇಲ್ಲಿ ಯಾವತ್ತಿಂದ ಮಟ್ಟ ಒಂದೇ ಇದೆ?"

"ನಾನು ಬಂದು ಹತ್ತೊಂಬತ್ತು ವರ್ಷ ಮೇಡಂ. ಒಂದು ಬೆರಳು ಆಚೀಚೆ ಆಗಿಲ್ಲ," ಎಂದಳು ತೂಬಕ್ಕ. ಶಹಬ್ಬಾಸ್ ಎನ್ನುತ್ತಾರೆ ಅಂದುಕೊಂಡಿದ್ದಳು.

ಮೇಡಂ ಹಗ್ಗ ಸುತ್ತುತ್ತ ಮೆಲ್ಲಗೆ ಹೇಳಿದರು: "ಅದೇ ತೊಂದರೆ ಆಗಿರೋದು ಅನ್ಸುತ್ತೆ."

ತೂಬಕ್ಕನಿಗೆ ಕೆನ್ನೆಗೆ ಹೊಡೆದಂತಾಯಿತು. ಮೇಡಂ ಮುಂದೆ ಏನೇನೋ ವಿವರಿಸಿದರು. ಕೆರೆಯ ತಳಕ್ಕೆ ಆಗಾಗ ಬಿಸಿಲು ಬೀಳಬೇಕಂತೆ. ಹೂಳು ಒಣಗಿ ಗಟ್ಟಿಯಾದರೆ ಅದರೊಳಗೆ ಮಲಗಿರುವ ಬೀಜ ಮೊಳೆಯುತ್ತದಂತೆ. ವರ್ಷವಿಡೀ ನೀರು ತುಂಬಿಯೇ ಇದ್ದರೆ ತಳ ಗಂಜಿಯ ಹಾಗಾಗಿ, ಗೆಂಡೆ ಅದನ್ನು ಕೆದಕಿ ಕೆದಕಿ ನೀರನ್ನೆಲ್ಲ ರಾಡಿ ಮಾಡುತ್ತದಂತೆ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಆ ಸಂಜೆ ಮಾವ "ಎಷ್ಟು?" ಎಂದಾಗ "ಆರು" ಎಂದ ದನಿ ಎಂದಿಗಿಂತ ಜೋರಾಗಿತ್ತು. ಪಕ್ಕದ ಮನೆಯಿಂದ ಓರಗಿತ್ತಿ ಇಣುಕಿ ನೋಡಿದಳು.

ತೂಬಕ್ಕನ ಮನಸ್ಸು ತಿರುಗಿಸಿದ್ದು ಒಂದು ಸತ್ತ ಬಾತು.

ಬೇಟೆಯ ಕಾಲ ಶುರುವಾದ ಮೊದಲ ಬೆಳಗ್ಗೆ ನಿವೃತ್ತ ಮೇಷ್ಟ್ರು ಮೂರು ಬಾತು ಹಿಡಿದುಕೊಂಡು ಕಚೇರಿಗೆ ಬಂದರು. ಅವರು ಇಪ್ಪತ್ತು ವರ್ಷದಿಂದ ಬರುತ್ತಿದ್ದ ಬೇಟೆಗಾರ. ಗುರಿ ತಪ್ಪುವುದರಲ್ಲಿ ಎತ್ತಿದ ಕೈ ಎಂದು ಗೆಳೆಯರು ಗೇಲಿ ಮಾಡುತ್ತಿದ್ದರು. ಹೊಡೆದ ಹಕ್ಕಿಯ ಗಂಟಲು, ಹೊಟ್ಟೆ ಕಚೇರಿಗೆ ಕೊಡಬೇಕೆಂದು ಮೇಡಂ ಆ ವರ್ಷ ಹೊಸ ನಿಯಮ ಮಾಡಿದ್ದರು. ಮೇಜಿನ ಮೇಲೆ ಹಳೆಯ ಪೇಪರು ಹಾಸಿ, ಸಣ್ಣ ಕತ್ತರಿಯಿಂದ ಒಂದೊಂದನ್ನೇ ಬಿಡಿಸಿದರು. ತೂಬಕ್ಕ ಹಾಜರಿ ಹಾಕಲು ಬಂದವಳು ಬಾಗಿಲಲ್ಲೇ ನಿಂತಳು.

ಮೊದಲನೆಯದರಲ್ಲಿ ಜೋಳದ ಕಾಳು. ಎರಡನೆಯದರಲ್ಲೂ ಜೋಳ, ಒಂದಿಷ್ಟು ಮರಳು. ಮೂರನೆಯದು ಮರಳು ಬಿಟ್ಟರೆ ಖಾಲಿ.

"ಇಲ್ಲಿ ಸುತ್ತಮುತ್ತ ಜೋಳ ಯಾರು ಬೆಳೀತಾರೆ ಮೇಷ್ಟ್ರೇ?" ಎಂದು ಮೇಡಂ ಕೇಳಿದರು.

"ಇಲ್ಲಿ ಯಾರೂ ಇಲ್ಲಮ್ಮ. ರೈಲು ಹಳಿ ದಾಟಿ ಹೋಗಬೇಕು. ಹತ್ತು ಮೈಲಿಯಾದ್ರೂ ಆಗುತ್ತೆ."

ಮೇಡಂ ಕತ್ತರಿಯ ತುದಿಯಿಂದ ಕಾಳುಗಳನ್ನು ಬೇರೆ ಮಾಡುತ್ತ ಹೋದರು. ಕೆರೆಯ ಒಂದು ಬೀಜ ಇಲ್ಲ, ಒಂದು ಬಸವನಹುಳುವಿನ ಚಿಪ್ಪಿಲ್ಲ.

"ಹಾಗಾದ್ರೆ ನಮ್ಮ ಕೆರೆ ಲಾಡ್ಜು," ಎಂದರು ಮೇಷ್ಟ್ರು. "ಮಲಗೋಕೆ ಜಾಗ ಇದೆ, ಊಟ ಹೊರಗಡೆ."

ಎಲ್ಲರೂ ನಕ್ಕರು. ತೂಬಕ್ಕ ನಗಲಿಲ್ಲ. ಮೂರನೆಯ ಹಕ್ಕಿಯ ಎದೆಮೂಳೆ ಚರ್ಮದಡಿ ಚೂರಿಯ ಹಾಗೆ ಎದ್ದು ಕಾಣುತ್ತಿತ್ತು. ಅವಳು ಹತ್ತಿರ ಬಂದು ಬೆರಳಿನಿಂದ ಸವರಿ ನೋಡಿದಳು. ಇಷ್ಟು ವರ್ಷ ತನ್ನ ಕೆರೆ ತುಂಬಿದೆ ಎಂದು ಬೀಗುತ್ತಿದ್ದವಳಿಗೆ ಅದರಲ್ಲಿ ಏನು ತುಂಬಿದೆ ಎಂದು ಕೇಳಿಕೊಳ್ಳಬೇಕು ಎಂದು ಒಂದು ದಿನವೂ ಅನ್ನಿಸಿರಲಿಲ್ಲ.

ಎಲ್ಲರೂ ಹೋದ ಮೇಲೆ ಅವಳು ಮೇಡಂ ಎದುರು ಕುಳಿತಳು. "ಇಳಿಸಿದ್ರೆ ಎಷ್ಟು ಇಳಿಸಬೇಕು?"

"ಐದಡಿ. ಬೇಸಿಗೆ ಪೂರ್ತಿ."

"ಮತ್ತೆ ತುಂಬುತ್ತಾ?"

"ಮಳೆ ಬಂದ್ರೆ ತುಂಬುತ್ತೆ. ಗ್ಯಾರಂಟಿ ಕೊಡೋಕೆ ನಾನ್ಯಾರು ಅಕ್ಕ?"

ಸುಳ್ಳು ಧೈರ್ಯ ಹೇಳದ ಆ ಮಾತೇ ಅವಳಿಗೆ ಹಿಡಿಸಿತು. ಮೇಲಿನಿಂದ ಒಪ್ಪಿಗೆ ಬರಲು ಎರಡು ವಾರವಾಯಿತು. ಆ ಎರಡು ವಾರ ಅವಳು ಮನೆಯಲ್ಲಿ ಬಾಯಿ ಬಿಡಲಿಲ್ಲ. ಪಕ್ಕದ ಮನೆಯ ಮೈದುನ ಎರಡು ಭಾನುವಾರ ಹೆಂಡತಿಯೊಂದಿಗೆ ಊಟಕ್ಕೆ ಬಂದ. ಬಾಡಿಗೆಗೆ ಕೊಡುವ ತನ್ನ ಏಳು ದೋಣಿಗಳ ಪೈಕಿ ಎರಡಕ್ಕೆ ಹೊಸ ಬಣ್ಣ ಬಳಿದಿದ್ದನ್ನು ಬಣ್ಣಿಸಿದ. ಅವಳು ಅವನ ತಟ್ಟೆಗೆ ಇನ್ನಷ್ಟು ಬಡಿಸಿದಳೇ ಹೊರತು ವಿಷಯ ಎತ್ತಲಿಲ್ಲ. ಹೇಗೆ ಹೇಳಬೇಕೆಂದು ತಿಳಿಯಲಿಲ್ಲ, ಅಷ್ಟೇ.

ವಿಷಯ ಹೊರಬಿದ್ದದ್ದು ದೋಣಿ ಶೆಡ್ಡಿನ ಸಭೆಯಲ್ಲಿ. ಮೈದುನ ಮೀನುಗಾರರ ಸಂಘಕ್ಕೆ ಮುಖ್ಯಸ್ಥನೂ ಆಗಿದ್ದ. ಮೇಡಂ ಮಾತು ಮುಗಿಸುವ ಮೊದಲೇ ಗಲಾಟೆ ಎದ್ದಿತು. ಕೆರೆ ಒಣಗಿಸಿ ಯಾರಿಗೆ ಸೈಟು ಮಾಡ್ತೀರಿ ಎಂದ ಒಬ್ಬ. ಹಕ್ಕಿಗೆ ಊಟ ಹಾಕೋಕೆ ನಮ್ಮ ಊಟ ಕಿತ್ಕೋತೀರಾ ಎಂದ ಇನ್ನೊಬ್ಬ. ಕೊನೆಗೆ ಹಿಂದಿನಿಂದ ಯಾರೋ, "ತೂಬಕ್ಕ ಹೇಳ್ಲಿ. ತೂಬು ಅವಳದ್ದು," ಎಂದರು.

ತೂಬಕ್ಕ ಎದ್ದು ನಿಂತಳು. ಸಭೆಯಲ್ಲಿ ಮಾತಾಡಿ ಅಭ್ಯಾಸವಿಲ್ಲದವಳು. "ನಾನು ಬಾತಿನ ಹೊಟ್ಟೆ ನೋಡಿದೆ. ಒಳಗೆ ನಮ್ಮ ಕೆರೇದು ಏನೂ ಇರ್ಲಿಲ್ಲ. ಇಳಿಸೋದೇ ಸರಿ ಅನ್ಸುತ್ತೆ."

ಮೈದುನ ಅವಳನ್ನೇ ದಿಟ್ಟಿಸಿದ. "ಬಾತಿನ ಹೊಟ್ಟೆ ನೋಡಿದ್ರಿ ಅತ್ತಿಗೆ. ನನ್ನ ಹೊಟ್ಟೆ ನೋಡಿದ್ರಾ?"

ತೂಬಕ್ಕ ಕುಳಿತುಬಿಟ್ಟಳು.

ಬೇಟೆಯ ಕಾಲ ಮುಗಿದು ಬಿಸಿಲು ಬಲಿತ ಮೇಲೆ ಚಕ್ರ ತಿರುಗಿತು. ಒಮ್ಮೆಗೇ ಬಿಟ್ಟರೆ ಕೆಳಗಿನ ಹೊಲಗಳಿಗೆ ನುಗ್ಗುತ್ತದೆಂದು ದಿನಕ್ಕೆ ಎರಡು ಬೆರಳಿನ ಲೆಕ್ಕದಲ್ಲಿ ಇಳಿಸಬೇಕಿತ್ತು. ಗೆಂಡೆ ಹೊಳೆಗೆ ಸೇರದಂತೆ ತೂಬಿನ ಬಾಯಿಗೆ ಕಂಬಿಯ ಜಾಲರಿ. ಆ ಸಂಜೆ ಮಾವ "ಎಷ್ಟು?" ಎಂದರು. ತೂಬಕ್ಕ ಹೊಸಿಲಲ್ಲೇ ನಿಂತು, "ಆರಕ್ಕೆ ಎರಡು ಬೆರಳು ಕಮ್ಮಿ ಮಾವ. ನಾನೇ ಬಿಟ್ಟೆ," ಎಂದಳು. ಒಳಗಿನಿಂದ ಮಾತಿಲ್ಲ. ಮರುದಿನ ಪ್ರಶ್ನೆಯೂ ಇಲ್ಲ. ಅದಾದ ಮೇಲೆ ಎಷ್ಟೋ ಸಂಜೆ ಅವಳು ಚಪ್ಪಲಿ ಬಿಟ್ಟು ಒಂದು ಗಳಿಗೆ ಕಾಯುವುದು, ಒಳಗೆ ಮಾವ ಗೋಡೆಯ ಕಡೆ ಮಗ್ಗುಲು ಬದಲಿಸುವುದು, ಇಷ್ಟೇ ನಡೆಯಿತು.

ಸಂಘದವರಿಗೆ ಮೀನನ್ನೆಲ್ಲ ಬಾಚಿಕೊಳ್ಳಲು ಬಿಟ್ಟಿದ್ದರೂ ಸಾವಿರಾರು ಗೆಂಡೆ ಕೆಸರಿನಲ್ಲೇ ಸತ್ತವು. ನಾತ ಡಿಪೋವರೆಗೆ ಹಬ್ಬಿತು. ಗಂಡನ ಜೊತೆ ಕೆಲಸ ಮಾಡುವವರು ಮೂಗಿಗೆ ಬಟ್ಟೆ ಕಟ್ಟಿಕೊಂಡು, "ನಿಮ್ಮ ಮನೆಯವರ ಕೃಪೆ," ಎಂದರು. ಅವನು ಅದನ್ನು ಹೊಟ್ಟೆಗೆ ಹಾಕಿಕೊಂಡ. ಒಂದು ಬೆಳಗ್ಗೆ ತೂಬಿನ ಕೋಣೆಯ ಬಾಗಿಲಿಗೆ ಕೊಳೆತ ಮೀನಿನ ಚೀಲ ತೂಗುತ್ತಿತ್ತು. ಬಿಚ್ಚಿ, ಏರಿಯ ಪಕ್ಕದಲ್ಲಿ ಗುಂಡಿ ತೋಡಿ ಹೂತಳು. ಯಾರೆಂದು ವಿಚಾರಿಸಲಿಲ್ಲ. ಚೀಲದ ಬಾಯಿಗೆ ಹಾಕಿದ್ದ ಗಂಟು ದೋಣಿಯವರು ಹಾಕುವ ಗಂಟಾಗಿತ್ತು, ಅದನ್ನು ನೋಡಿಯೂ ನೋಡದವಳಂತೆ ಇದ್ದಳು.

ಎರಡು ತಿಂಗಳು ಕಳೆದರೂ ಕೆರೆಯ ಮಧ್ಯದ ಒಂದಡಿ ನೀರು ಬಿಟ್ಟರೆ ಉಳಿದದ್ದೆಲ್ಲ ಬಿರುಕು ಬಿಟ್ಟ ಕೆಸರು. ಬಾಟಲಿ, ಟೈರು, ಚಕ್ರವಿಲ್ಲದ ಸೈಕಲ್ಲು. ತೂಬಕ್ಕ ಸ್ಟೂಲಿನ ಮೇಲೆ ಕುಳಿತು, ಕೈಯಾರೆ ಸಾಯಿಸಿದೆನೇ ಎಂದು ಕೊರಗುತ್ತಿದ್ದಳು. ಕಾವಲು ಕಾಯಲು ನೀರಿಲ್ಲದ ತೂಬಿನವಳು ಇಡೀ ದಿನ ಏನು ಮಾಡಬೇಕು? ಚಕ್ರಕ್ಕೆ ಗ್ರೀಸ್ ಹಚ್ಚಿದಳು. ಮರುವಾರ ಅದನ್ನೇ ಒರೆಸಿ ಮತ್ತೆ ಹಚ್ಚಿದಳು.

ಒಂದು ಬೆಳಗ್ಗೆ ಬಿಸಿಲು ಓರೆಯಾಗಿ ಬಿದ್ದಾಗ ಕೆಸರಿನ ಮೇಲೆ ಹಸಿರು ಆವಿ ಎದ್ದಂತೆ ಕಂಡಿತು. ಇಳಿದು ನಡೆದಳು. ಮೇಲ್ಪದರ ಅವಳ ಭಾರ ತಡೆಯಿತು. ಪ್ರತಿ ಬಿರುಕಿನಲ್ಲೂ ಸೂಜಿಯಷ್ಟು ಮೊಳಕೆ, ಲೆಕ್ಕವಿಲ್ಲದಷ್ಟು. ಅಂಚಿನಲ್ಲಿ ಅವಳು ಹೆಸರು ಅರಿಯದ, ಉದ್ದ ಕಾಲಿನ ಪುಟ್ಟ ಹಕ್ಕಿಗಳು ಕೆಸರು ಕುಕ್ಕುತ್ತ ಓಡಾಡುತ್ತಿದ್ದವು. ಅವಳು ಒಂದು ಹಿಡಿ ಮೊಳಕೆಯನ್ನು ಮಣ್ಣಿನ ಸಮೇತ ಕಿತ್ತು, ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ತಂದಳು. ಮಾವನ ಮಂಚದ ಪಕ್ಕದ ಕುರ್ಚಿಯ ಮೇಲೆ ಬಿಚ್ಚಿಟ್ಟು ಅಡುಗೆಮನೆಗೆ ಹೋದಳು.

ಬಹಳ ಹೊತ್ತಾದ ಮೇಲೆ ಮಾವ ಕರೆದರು. ಮೂರು ತಿಂಗಳಲ್ಲಿ ಮೊದಲ ಸಲ.

"ಇದು ಆಪು. ಇದು ಜೊಂಡು. ಇದರ ಹೆಸರು ನೆನಪಿಲ್ಲ, ಇದರ ಕಾಳು ಬಾತಿಗೆ ಪ್ರಾಣ. ಎಲ್ಲಿತ್ತು?"

"ನಮ್ಮ ಕೆರೇಲೇ ಮಾವ. ತಳದಲ್ಲಿ."

ಮಾವ ಎದ್ದು ಕುಳಿತರು. ತಾವು ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೆರೆ ಪ್ರತಿ ಬೇಸಿಗೆ ತಾನಾಗಿ ಇಳಿಯುತ್ತಿತ್ತು, ಜನ ಆ ದಡದಿಂದ ಈ ದಡಕ್ಕೆ ನಡೆದೇ ಬರುತ್ತಿದ್ದರು, ಚಳಿಗಾಲದಲ್ಲಿ ಬಾತುಗಳ ಗದ್ದಲಕ್ಕೆ ತೂಬಿನ ಕೋಣೆಯಲ್ಲಿ ಮಾತು ಕೇಳುತ್ತಿರಲಿಲ್ಲ ಎಂದರು.

"ಮತ್ತೆ ಆ ಗೆರೆ? ಆರಡಿ ಅಂತ ಯಾರು ಲೆಕ್ಕ ಹಾಕಿದ್ದು?"

"ಲೆಕ್ಕ ಎಂಥದ್ದು! ಗಾಳದ ಕ್ಲಬ್ಬಿನ ಅಧ್ಯಕ್ಷರ ದೋಣಿ ಒಂದ್ಸಲ ಕೆಸರಲ್ಲಿ ಕಚ್ಕೊಂಡ್ತು. ಪಾಪ, ಸೂಟು ಹಾಕ್ಕೊಂಡಿದ್ರು. ಶೂಸು ಕೈಯಲ್ಲಿ ಹಿಡ್ಕೊಂಡು ಮೊಣಕಾಲುದ್ದ ಕೆಸರಲ್ಲಿ ನಡ್ಕೊಂಡು ಬಂದ್ರು. ಮಾರನೇ ದಿನ ಆರ್ಡರ್ ಬಂತು, ದೋಣಿ ತಳ ತಾಗಬಾರದು ಅಂತ. ನಾನೇ ಬಣ್ಣ ತಂದು ಎಳೆದೆ."

"ಇಷ್ಟು ವರ್ಷ ಹೇಳ್ಲಿಲ್ಲ ನೀವು."

"ನೀನು ಕೇಳ್ಲಿಲ್ಲ ತಾಯಿ. ನನಗೂ ಮರೆತೇ ಹೋಗಿತ್ತು. ಗೆರೆ ನೋಡ್ತಾ ನೋಡ್ತಾ, ದೇವರೇ ಎಳೆದಿದ್ದು ಅನ್ನೋ ಹಾಗಾಗಿತ್ತು."

ತೂಬಕ್ಕ ನಗಲು ಹೋದಳು, ಅಳು ಬಂತು. ಜ್ವರದಲ್ಲಿ ಕಂಬಳಿ ಹೊದ್ದು ಓಡಿದ್ದು, ಮಗಳ ಶಾಲೆಯ ಬಹುಮಾನದ ದಿನ ಮಳೆ ಬಂತೆಂದು ಅರ್ಧಕ್ಕೇ ಎದ್ದು ಬಂದದ್ದು, ಎಲ್ಲವೂ ಒಬ್ಬರ ಶೂಸು ಒದ್ದೆಯಾಗಬಾರದೆಂದು. ಮಾವ ಅವಳ ತಲೆಯ ಮೇಲೆ ಕೈಯಿಟ್ಟರು. ಮರುದಿನ ದೊಡ್ಡ ಮಗನ ಹೆಗಲು ಹಿಡಿದು ಏರಿ ಹತ್ತಿ ಬಂದು, ಕೆರೆಯ ತಳ ನೋಡುತ್ತ ಅರ್ಧ ದಿನ ಕಳೆದರು.

ಮಳೆ ಒಂದು ತಿಂಗಳು ತಡವಾಗಿ ಬಂತು. ಆ ಒಂದು ತಿಂಗಳು ತೂಬಕ್ಕನೂ ಮೇಡಂ ಕೂಡ ಒಬ್ಬರ ಮುಖ ಒಬ್ಬರು ನೋಡುವುದನ್ನು ತಪ್ಪಿಸುತ್ತಿದ್ದರು. ಬಂದ ಮೇಲೆ ನೀರು ಗಿಡಗಳ ನಡುವೆ ನಿಧಾನವಾಗಿ ಏರಿತು. ಆ ಚಳಿಗಾಲ ಬಿಳಿ ತಟ್ಟೆ ಮೂರಡಿ ಇಳಿದರೂ ಕಾಣುತ್ತಿತ್ತು. ಬಾತುಗಳು ಬಂದವು, ಇಳಿದವು, ತಲೆ ಮುಳುಗಿಸಿ ಬಾಲ ಮೇಲೆತ್ತಿ ತಿನ್ನುತ್ತ ಕುಳಿತವು. ಮೇಡಂ ಪರವಾನಗಿ ಹೆಚ್ಚಿಸಲಿಲ್ಲ, ಒಬ್ಬರಿಗೆ ದಿನಕ್ಕೆ ಎರಡೇ ಹಕ್ಕಿ ಎಂದು ಕಟ್ಟುಮಾಡಿದರು. ಕೆರೆಯ ಅರ್ಧಭಾಗದಲ್ಲಿ ಬಂದೂಕಿನ ಸದ್ದೇ ಬೇಡವೆಂದರು. ಮೇಷ್ಟ್ರು, "ನನಗೆ ಎರಡು ಸಿಕ್ಕಿದ್ರೆ ತಾನೇ ನಿಯಮ ಮುರಿಯೋ ಪ್ರಶ್ನೆ," ಎಂದು ಸಹಿ ಹಾಕಿದರು.

ಆದರೆ ಕಥೆ ಎಲ್ಲರಿಗೂ ಹಾಗೆ ಮುಗಿಯಲಿಲ್ಲ. ಬಿಟ್ಟ ಹೊಸ ಮೀನುಮರಿ ದೊಡ್ಡದಾಗಲು ಎರಡು ವರ್ಷ ಬೇಕಿತ್ತು. ಅಷ್ಟು ಕಾಲ ಕಾಯಲು ಮೈದುನನ ಕೈಯಲ್ಲಿ ಆಗಲಿಲ್ಲ. ಏಳೂ ದೋಣಿ ಮಾರಿ, ಸಂಘ ಬಿಟ್ಟು, ಪೇಟೆಯ ಆಚೆ ತುದಿಯ ಬಾಡಿಗೆ ಮನೆಗೆ ಹೋಗಿ, ಸರಕಿನ ವ್ಯಾನು ಓಡಿಸತೊಡಗಿದ. ಅಪ್ಪನನ್ನು ನೋಡಲು ಬರುತ್ತಿದ್ದ, ಅತ್ತಿಗೆ ಕೆಲಸಕ್ಕೆ ಹೋದ ಹೊತ್ತು ನೋಡಿಕೊಂಡು. ಭಾನುವಾರದ ಊಟಕ್ಕೆ ಎರಡು ತಟ್ಟೆ ಕಡಿಮೆಯಾದವು.

ಐದನೆಯ ವರ್ಷದ ಹೊತ್ತಿಗೆ ಬೂಟ್ಸ್ ಮೇಡಂಗೆ ವರ್ಗವಾಗಿತ್ತು. ಅವರ ಜಾಗಕ್ಕೆ ಬಂದ ಸಾಹೇಬರಿಗೆ ಕೆರೆಯೆಂದರೆ ಹೆಮ್ಮೆ. ಹಕ್ಕಿ ನೋಡುವವರು ಕ್ಯಾಮೆರಾ ಹೊತ್ತು ಬರುತ್ತಿದ್ದರು, ಬೇಟೆಯವರು ತೃಪ್ತರು, ಗಾಳದವರೂ ತೃಪ್ತರು. ಯಾರಿಗೂ ತಕರಾರಿಲ್ಲದ ಆ ಹೊತ್ತಿನಲ್ಲಿ ತೂಬಕ್ಕ ಹೋಗಿ ಹೇಳಿದಳು: "ಸಾರ್, ಈ ಬೇಸಿಗೆ ಇಳಿಸಬೇಕು."

"ಯಾಕಮ್ಮ? ಎಲ್ಲ ಚೆನ್ನಾಗಿದೆಯಲ್ಲ."

"ತಟ್ಟೆ ಹೋದ ವರ್ಷ ಎರಡೂವರೆ ಅಡಿಗೆ ಮಾಯ ಆಯ್ತು. ಈ ವರ್ಷ ಎರಡಕ್ಕೆ. ಹೊಳೆ ಕಾಲುವೆಯಿಂದ ಗೆಂಡೆ ಮತ್ತೆ ಒಳಗೆ ಬಂದಿದೆ. ಕೆಟ್ಟ ಮೇಲೆ ಇಳಿಸೋದು ಬೇಡ ಸಾರ್, ಇನ್ನೂ ಚೆನ್ನಾಗಿರುವಾಗ ಇಳಿಸೋಣ."

ಸಭೆ ಕರೆದಾಗ ಅವಳಿಗೆ ಎದುರಾಗಿ ನಿಂತವರು ಈಗ ಹಕ್ಕಿಯವರು, ಬೇಟೆಯವರು. ಮೇಷ್ಟ್ರೇ, "ಇರೋದನ್ನ ಯಾಕೆ ಕೆದಕ್ತೀಯಾ ತೂಬಕ್ಕ?" ಎಂದರು. ಅವಳು ಕುಳಿತುಕೊಳ್ಳಲಿಲ್ಲ. ಮಟ್ಟ ಬರೆದಿಟ್ಟ ತನ್ನ ಪುಸ್ತಕಗಳನ್ನು ತಂದಿದ್ದಳು. ಎಲ್ಲ ವರ್ಷಗಳದ್ದನ್ನೂ ಬಿಡಿಸಿಟ್ಟು, ಎರಡು ತಾಸು ನಿಂತೇ ಮಾತಾಡಿದಳು. ಮೀನಿನವರಿಗೆ ಆ ಬೇಸಿಗೆ ಕಚೇರಿಯಲ್ಲೇ ಕೆಲಸ ಕೊಡಬೇಕು, ಗೆಂಡೆ ಹಿಡಿಯುವ ಕೂಲಿ ಅವರಿಗೇ ಸಿಗಬೇಕು ಎಂಬುದು ಅವಳ ಷರತ್ತು. ಸಾಹೇಬರು ತಲೆ ಕೆರೆದುಕೊಂಡು ಒಪ್ಪಿದರು.

ಆ ಭಾನುವಾರ ಅವಳು ಪೇಟೆಯ ಆಚೆ ತುದಿಗೆ ಒಬ್ಬಳೇ ಬಸ್ಸಿನಲ್ಲಿ ಹೋದಳು. ಮಹಡಿಯ ಮೇಲಿನ ಎರಡು ಕೋಣೆಯ ಮನೆ. ಓರಗಿತ್ತಿ ಬಾಗಿಲು ತೆರೆದು ಗಲಿಬಿಲಿಗೊಂಡು, "ಬನ್ನಿ ಅಕ್ಕ," ಎಂದಳು. ಮೈದುನ ನೆಲದ ಮೇಲೆ ಕುಳಿತು ರೇಡಿಯೋ ಬಿಚ್ಚಿದ್ದ. ತಲೆ ಎತ್ತಲಿಲ್ಲ.

"ಕೆರೆ ಮತ್ತೆ ಇಳಿಸ್ತಿದೀವಿ," ಎಂದಳು. "ಗೆಂಡೆ ಪೂರ್ತಿ ತೆಗೀಬೇಕು. ನಿನ್ನ ಹಾಗೆ ಬಲೆ ಎಳೆಸೋರು ಯಾರೂ ಇಲ್ಲ."

"ಐದು ವರ್ಷ ಆಯ್ತು ಅತ್ತಿಗೆ. ಈಗ ನೆನಪಾಯ್ತಾ?"

"ಮರೆತಿದ್ರೆ ತಾನೇ ನೆನಪಾಗೋಕೆ." ಅವಳು ಅವನ ಎದುರಿಗೆ ನೆಲದ ಮೇಲೇ ಕುಳಿತಳು. "ಆವತ್ತು ಕೆರೆ ಇಳಿಸಿದ್ದಕ್ಕೆ ನಾನು ತಪ್ಪು ಒಪ್ಪಲ್ಲ. ಆದ್ರೆ ಎರಡು ವಾರ ಮೊದ್ಲೇ ನನಗೆ ಗೊತ್ತಿತ್ತು ಕಣಪ್ಪ. ಎರಡು ಭಾನುವಾರ ನಿನಗೆ ಊಟ ಬಡಿಸಿದೆ, ಬಾಯಿ ಬಿಡ್ಲಿಲ್ಲ. ಅದು ತಪ್ಪು. ಹತ್ತು ಜನರ ಮುಂದೆ ನಿನಗೆ ಗೊತ್ತಾಗೋ ಹಾಗೆ ಮಾಡಿದೆ."

ಅವನು ತಿರುಪೊಂದನ್ನು ಬೆರಳುಗಳ ನಡುವೆ ಉರುಳಿಸುತ್ತಿದ್ದ. ಓರಗಿತ್ತಿ ಟೀ ತಂದಿಟ್ಟು, ಗೋಡೆಗೆ ಒರಗಿ ನಿಂತಳು.

"ಬಲೆ ಕಣ್ಣು ಎಷ್ಟಿರಬೇಕು?" ಎಂದ ಕೊನೆಗೆ.

"ಎರಡು ಬೆರಳು. ಮರಿ ಗೆಂಡೆ ಕೂಡ ಉಳೀಬಾರದು. ಬೇರೆ ಮೀನು ಬಂದ್ರೆ ಕೈಯಲ್ಲಿ ಬಿಡಿಸಿ ನೀರಿಗೆ ಬಿಡ್ಬೇಕು."

"ಎರಡು ಬೆರಳಿಂದು ಒಂದಿದೆ. ಇಲಿ ಕಡಿದು ಅಲ್ಲಲ್ಲಿ ಹರಿದಿದೆ. ಹೆಣೀಬೇಕು, ಮೂರು ದಿನದ ಕೆಲಸ." ಅವನು ಎದ್ದು, ಮಂಚದ ಕೆಳಗಿನಿಂದ ಬಲೆಯ ಮುದ್ದೆಯನ್ನು ಎಳೆದು ತಂದ. ಎಲ್ಲವನ್ನೂ ಮಾರಿದವನು ಅದೊಂದನ್ನು ಉಳಿಸಿಕೊಂಡಿದ್ದ.

ಕೋಣೆ ಚಿಕ್ಕದಾದ್ದರಿಂದ ಬಲೆಯನ್ನು ಬಾಗಿಲಾಚೆ ಮೆಟ್ಟಿಲವರೆಗೆ ಹರಡಬೇಕಾಯಿತು. ಓರಗಿತ್ತಿ ನೂಲಿನ ಉಂಡೆ ಹುಡುಕಿ ತಂದಳು. ತೂಬಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊದಲ ಹರಕು ಎಲ್ಲಿದೆಯೆಂದು ಬೆಳಕಿಗೆ ಹಿಡಿದು ನೋಡತೊಡಗಿದಳು.